ಬಿಸಿನೀರಿನ ಉಪಕಾರ

ಎಲ್ಲ ಕೆಟ್ಟಿದ್ದು ಒಂದು ಬಕೆಟ್ ಬಿಸಿನೀರಿನಿಂದ.

ಡ್ರಾಯಿಂಗ್ ಮೇಷ್ಟ್ರು ಎರಡು ವರ್ಷ ನಗರಸಭೆಗೆ ಅಲೆದು ಚಪ್ಪಲಿ ಸವೆಸಿದ್ದರು. ಮೇಲ್ಸೇತುವೆಯ ಕೆಳಗೆ ಟಾರ್ಪಾಲು ಕಟ್ಟಿಕೊಂಡು ಬದುಕುತ್ತಿದ್ದ, ಚಾಕು ಕತ್ತರಿಗೆ ಸಾಣೆ ಹಿಡಿಯುವವನ ಸಂಸಾರಕ್ಕೆ ಕಡಿಮೆ ಬಾಡಿಗೆಯ ಸರ್ಕಾರಿ ಮನೆ ಕೊಡಿಸಬೇಕೆಂಬುದು ಅವರ ಹಟ. ಕೊನೆಗೂ ಅಲ್ಲಿಯ ಸಾಹೇಬರು ಕರಗಿದರು. ಇಂದು ಮಧ್ಯಾಹ್ನ ಖುದ್ದಾಗಿ ಬಂದು ನೋಡುತ್ತಾರೆ. ಬೀದಿಯಲ್ಲೇ ವಾಸವಿರುವುದು ಅವರ ಕಣ್ಣಿಗೆ ಬಿದ್ದರೆ ಮಾತ್ರ ಮನೆ.

"ಆ ಮಕ್ಕಳ ತಲೆ ನೋಡಿದ್ದೀರಾ? ಕಾಗೆ ಗೂಡು! ಸಾಹೇಬ್ರು ಮೂಗು ಮುಚ್ಕೊಂಡು ಓಡಿಹೋಗ್ತಾರೆ. ಕರ್ಕೊಂಡು ಬನ್ನಿ, ಒಂದು ಬಕೆಟ್ ಬಿಸಿನೀರು ಹುಯ್ದು ಕಳಿಸೋಣ," ಎಂದಳು ಮೇಷ್ಟ್ರ ಹೆಂಡತಿ. ಮೇಷ್ಟ್ರಿಗೆ ಸರಿಯೆನಿಸಿತು. ಹೆಂಡತಿಯ ಮಾತು ಅವರಿಗೆ ಯಾವಾಗಲೂ ಸರಿಯೆನಿಸುತ್ತಿತ್ತು.

ಮಕ್ಕಳ ಹಿಂದೆ ತಾಯಿ ಬಂದಳು, ತಾಯಿಯ ಹಿಂದೆ ಅಜ್ಜಿ, ಅಜ್ಜಿಯನ್ನು ಹುಡುಕಿಕೊಂಡು ಸಾಣೆಯವನು. ಅಕ್ಕಪಕ್ಕದವರು ಸುಮ್ಮನಿರುತ್ತಾರೆಯೇ? ಒಬ್ಬರು ಇಸ್ತ್ರಿ ಮಾಡಿದ ಅಂಗಿ ತಂದರು. ಎದುರುಮನೆಯಾಕೆ ಅಜ್ಜಿಗೆ ಒಳ್ಳೆಯ ಸೀರೆ ಉಡಿಸಿ, ತಮ್ಮ ಹಳೆಯ ಕನ್ನಡಕವನ್ನೂ ಏರಿಸಿದರು.

"ನನ್ ಕಣ್ಣು ಚೆನ್ನಾಗೇ ಇದೆಯಲ್ಲಮ್ಮ?"

"ಇರ್ಲಿ ಬಿಡಜ್ಜಿ, ಲಕ್ಷಣ!"

ನಿವೃತ್ತ ಪೋಸ್ಟ್‌ಮಾಸ್ಟರು ಸೇತುವೆಯ ಕೆಳಗೇ ಹೋದರು. "ದೊಡ್ಡೋರು ಬರೋ ಜಾಗ ಹೀಗಾ ಇರೋದು?" ಎಂದು ಟಾರ್ಪಾಲು ಬಿಚ್ಚಿ, ಮಡಿಚಿ, ಸಾಮಾನನ್ನೆಲ್ಲ ಗಂಟು ಕಟ್ಟಿ ಮೇಷ್ಟ್ರ ಮನೆಗೆ ಸಾಗಿಸಿ, ಕಸ ಗುಡಿಸಿ ನೀರು ಚಿಮುಕಿಸಿದರು.

ಸಾಹೇಬರು ಹೇಳಿದ್ದಕ್ಕಿಂತ ಬೇಗ ಬಂದುಬಿಟ್ಟರು. ಸೇತುವೆಯ ಕೆಳಗೆ ಒಂದು ನಾಯಿಯೂ ಇರಲಿಲ್ಲ. ಸುದ್ದಿ ತಿಳಿದ ಮೇಷ್ಟ್ರು ಎದ್ದೆನೋ ಬಿದ್ದೆನೋ ಎಂದು ಓಡಿ, ಕೈಕಾಲು ಹಿಡಿದು ಅವರನ್ನು ಮನೆಗೇ ಕರೆತಂದರು.

ಅಲ್ಲಿ ಅಜ್ಜಿ ಕನ್ನಡಕ ಹಾಕಿಕೊಂಡು ಹೆಡ್‌ಮಿಸ್ಸಿನ ಹಾಗೆ ಕುರ್ಚಿಯಲ್ಲಿ ಕುಳಿತಿದ್ದಳು. ಪೌಡರ್ ಬಳಿದುಕೊಂಡ ಮಕ್ಕಳು ಅಪ್ಪನ ಜೊತೆ ಊಟಕ್ಕೆ ಕುಳಿತಿದ್ದವು.

"ಮನೆ ಇಲ್ಲದವರು ಯಾರ್ರೀ?"

"ಇವರೇ ಸಾರ್."

"ಊಟ ಎಲ್ಲಿ ಮಾಡ್ತಿದ್ದಾರೆ?"

"ಇಲ್ಲೇ..."

"ಸ್ನಾನ?"

"ಇಲ್ಲೇ... ಇವತ್ತೊಂದು ದಿನ ಸಾರ್!"

"ನಾನು ಬಂದಿರೋದೂ ಇವತ್ತೊಂದೇ ದಿನ ಮೇಷ್ಟ್ರೇ. ತಲೆ ಮೇಲೆ ಸೂರಿದೆ, ಮನೆ ಇಲ್ಲ ಅಂತ ಹೇಗೆ ಬರ್ಕೊಳ್ಲಿ?" ಎಂದ ಸಾಹೇಬರು ಅಲ್ಲಿಂದಲೇ ಫೋನು ಮಾಡಿದರು. "ಸೇತುವೆ ಕೆಳಗೆ ಖಾಲಿಯಾಗಿದೆ. ಮತ್ತೆ ಯಾರಾದ್ರೂ ಬಂದು ಕೂರೋದ್ರೊಳಗೆ ಬೇಲಿ ಹಾಕ್ಸಿ."

ಸಂಜೆಯೊಳಗೆ ಬೇಲಿ ಎದ್ದಿತು. ನಗರಸಭೆಯ ಕೆಲಸವೊಂದು ಅಷ್ಟು ಬೇಗ ಆದದ್ದನ್ನು ಆ ಬೀದಿ ಕಂಡೇ ಇರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಎಲ್ಲರೂ ಲೊಚಗುಟ್ಟುತ್ತಿರುವಾಗಲೇ ಮೇಷ್ಟ್ರ ಮನೆಯ ಓನರ್ ಬಂದರು.

"ಗಂಡ ಹೆಂಡ್ತಿ ಇಬ್ರಿಗೆ ಅಂತ ಕೊಟ್ಟಿರೋ ಮನೆ ಇದು. ಇವ್ರೂ ಇರ್ತಾರೆ ಅನ್ನೋದಾದ್ರೆ ನೀವೂ ಖಾಲಿ ಮಾಡಿ."

ಅಕ್ಕಪಕ್ಕದವರಿಗೆಲ್ಲ ಒಮ್ಮೆಗೇ ತಮ್ಮ ತಮ್ಮ ಮನೆಯ ಕೆಲಸ ನೆನಪಾಯಿತು.

ಕಂಡ ಕಂಡ ಮೇಜಿನ ಮುಂದೆ ನಿಂತು 'ಇವರಿಗೊಂದು ಸೂರು ಕೊಡಿ' ಎಂದು ವಾದಿಸಿದ್ದ ಮೇಷ್ಟ್ರಿಗೆ, ಸ್ವಂತ ಹೊಸ್ತಿಲಲ್ಲಿ 'ಇರಿ' ಎನ್ನುವ ಧೈರ್ಯ ಬರಲಿಲ್ಲ. ತಮ್ಮ ಬಗ್ಗೆಯೇ ಹೇಸಿಗೆಯಾಯಿತು.

"ಬಿಡಿ ಮೇಷ್ಟ್ರೇ," ಎಂದು ಅಜ್ಜಿಯೇ ಗಂಟು ಎತ್ತಿಕೊಂಡಳು. "ನೀವೂ ಬೀದಿಗೆ ಬಂದ್ರೆ ನಮ್ಮ ಪರವಾಗಿ ಮಾತಾಡೋರು ಯಾರು? ಸಾಹೇಬ್ರು ಇನ್ನೊಂದ್ಸಲ ಬಂದ್ರೆ ಹೇಳಿ ಕಳಿಸಿ."

"ಖಂಡಿತ ಅಜ್ಜಿ. ಎಲ್ಲಿಗೆ ಹೇಳಿ ಕಳಿಸ್ಲಿ?"

ಕೇಳಿದ ಮೇಲೆ ಮೇಷ್ಟ್ರು ನಾಲಿಗೆ ಕಚ್ಚಿಕೊಂಡರು. ಅಜ್ಜಿಗೆ ಮಾತ್ರ ನಗು ತಡೆಯಲಾಗಲಿಲ್ಲ. ಮೊಮ್ಮಕ್ಕಳ ಕೈ ಹಿಡಿದು, ನಗುತ್ತಲೇ ಮೆಟ್ಟಿಲಿಳಿದು ಹೋದಳು.