ಒಂದೇ ನಿಮಿಷದ ವಿಡಿಯೋ

ಯಾವ ವಯಸ್ಸಿನಲ್ಲಿ ಯಾರಿಗೆ ಯಾವ ಹುಚ್ಚು ಹಿಡಿಯುತ್ತದೆಂದು ಹೇಳಲಾಗದು. ನನಗೆ ಐವತ್ತು ದಾಟಿದ ಮೇಲೆ ವಿಡಿಯೋ ಹುಚ್ಚು ಹಿಡಿಯಿತು. ಹಿಡಿಸಿದವರು ನಮ್ಮ ಸಾವ್ಕಾರ್ರು. ನಮ್ಮದು ಮೆಣಸಿನಕಾಯಿ ವ್ಯಾಪಾರದ ಸಣ್ಣ ಕಂಪನಿ. ಸಾವ್ಕಾರ್ರು ರಾಣೇಬೆನ್ನೂರಿನ ಆಫೀಸಿನಲ್ಲಿ, ಸರಕು ಬ್ಯಾಡಗಿಯ ಗೋದಾಮಿನಲ್ಲಿ, ಮ್ಯಾನೇಜರನಾದ ನಾನು ಹಾವೇರಿಯ ನನ್ನ ಮನೆಯ ಪಡಸಾಲೆಯಲ್ಲಿ. ದಿನವಿಡೀ ಫೋನು ಮಾಡಿ ಮಾಡಿ ಬೇಸತ್ತ ಅವರು, "ಇನ್ನ ಮ್ಯಾಲ ಏನಿದ್ರೂ ವಿಡಿಯೋ ಮಾಡಿ ಕಳಸ್ರಿ, ಬಿಡುವಾದಾಗ ನೋಡ್ತೇವಿ" ಎಂದರು. ನನಗಾದ ಖುಷಿ ಹೇಳತೀರದು! ಕೂಡಲೇ ಇಸ್ತ್ರಿ ಅಂಗಿ ತೊಟ್ಟೆ. ಕೆಳಗೆ ಲುಂಗಿಯೇ ಇತ್ತು. ಅದು ಹೇಗೂ ಕಾಣುವುದಿಲ್ಲವಲ್ಲ.

ಮೊದಲ ವಿಡಿಯೋ ಗೋದಾಮು ನೋಡಿಕೊಳ್ಳುವ ದಸ್ತಗೀರಸಾಬರಿಗೆ. "ನಮಸ್ಕಾರ್ರಿ ಸಾಬ್ರ, ಆರಾಮ ಅದೀರಿ?" ಎಂದು ಕೇಳಿ ಕಾದೆ. ಕೇಳಿದ ಮೇಲೆ ಕಾಯಬೇಕಲ್ಲ! "ಊಟ ಆತ್ರಿ?" ಎಂದು ಮತ್ತೆ ಕಾದೆ. ಒಳಗಿನಿಂದ ನನ್ನಾಕಿ, "ಯಾರ್ ಬಂದಾರ್ರಿ? ಚಾ ಇಡ್ಲೇನು?" ಎಂದಳು. ಅದೂ ರೆಕಾರ್ಡ್ ಆಯಿತು. ಅವರ ಮೊಣಕಾಲು ನೋವು, ಮಗಳ ಬಾಣಂತನ ಎಲ್ಲ ವಿಚಾರಿಸಿ ಕಡೆಗೆ ಚೀಲಗಳ ವಿಷಯಕ್ಕೆ ಬಂದೆ. ದಸ್ತಗೀರಸಾಬರ ಉತ್ತರವೂ ಬಂತು. ಟೋಪಿ ಸರಿಮಾಡಿಕೊಂಡು, ಚೀಲದ ಮೇಲೆ ನೆಟ್ಟಗೆ ಕುಳಿತು, "ಊಟ ಆತ್ರಿ ಸರ. ನಿಮ್ದು?" ಎಂದು ಅವರೂ ಕಾದರು. ನಾನು ಫೋನಿನ ಮುಂದೆ, "ಈಗಷ್ಟ ಆತ್ರಿ" ಎಂದೆ.

ಕಂಪನಿಯ ಗ್ರೂಪಿನಲ್ಲಿ ಇದನ್ನೆಲ್ಲ ನೋಡಿದ ಸಾವ್ಕಾರ್ರು, "ಇದೇನು ಬೀಗರ ಮಾತುಕತಿಯೇನ್ರಿ? ಒಂದ ನಿಮಿಷದಾಗ ಮುಗಸ್ರಿ!" ಎಂದು ಗದರಿದರು. ಮರುದಿನವೇ ದೊಡ್ಡ ಮಸಾಲೆ ವ್ಯಾಪಾರಿಯೊಬ್ಬರು ರಾಣೇಬೆನ್ನೂರಿಗೆ ಬರುವವರಿದ್ದರು. ಸಂಜೆ ಅವರು ಹೊರಡುವುದರೊಳಗೆ ಸ್ಯಾಂಪಲ್ ಮುಟ್ಟಿದರೆ ಆರ್ಡರು ನಮ್ಮದು, ಇಲ್ಲದಿದ್ದರೆ ಬೇರೆಯವರದು. ಬೆಳಿಗ್ಗೆ ಎದ್ದವನೇ ರೆಕಾರ್ಡ್ ಮಾಡಿದೆ: "ದಸ್ತಗೀರಸಾಬ್ರ, ಹೊಸಾ ಸರಕಿನ ಸ್ಯಾಂಪಲ್ ಲಗೂನ ರಾಣೇಬೆನ್ನೂರಿಗೆ ಮುಟ್ಟಸ್ರಿ." ಅಷ್ಟೇ! ಟಿವಿಯಲ್ಲಿ ವಾರ್ತೆ ಓದುವವರ ಗತ್ತು ಬಂದಿತ್ತು. ಹೆಮ್ಮೆಯಿಂದ ನಾನೇ ಮತ್ತೆ ಮತ್ತೆ ನೋಡಿದೆ.

ಮಧ್ಯಾಹ್ನ ಬಾಗಿಲು ಬಡಿದ ಸದ್ದು. ತೆರೆದರೆ ದಸ್ತಗೀರಸಾಬರು! ಕೈಯಲ್ಲಿ ಸ್ಯಾಂಪಲ್ ಚೀಲ, ಮುಖ ಸಣ್ಣದಾಗಿದೆ.

"ಸರ, ನನ್ನಿಂದ ಏನರ ತಪ್ಪಾಗೇತೇನ್ರಿ?"

"ಯಾಕ್ರಿ?"

"ನಮಸ್ಕಾರ ಇಲ್ಲ, ಆರಾಮ ಅದೀರೇನು ಅನ್ನಲಿಲ್ಲ. ಹೇಳಿದ್ದಷ್ಟ, ಬಂದ್ ಮಾಡಿಬಿಟ್ರಿ. ಸಮಾಧಾನ ಆಗ್ಲಿಲ್ರಿ. ಮೊದಲ ನಿಮ್ಮನ್ನ ಕಂಡು, ಆಮ್ಯಾಲ ರಾಣೇಬೆನ್ನೂರಿಗೆ ಹೋಗೂಣಂತ ಬಂದೆ."

ಪಾಪ, ಆ ಮೊಣಕಾಲಿನಲ್ಲಿ ರಾಣೇಬೆನ್ನೂರಿಗೆ ವಿರುದ್ಧ ದಿಕ್ಕಿನ ಬಸ್ಸು ಹತ್ತಿ ಬಂದಿದ್ದಾರೆ! ಕೂರಿಸಿ, ರೊಟ್ಟಿ ಹಾಕಿಸಿ, ಬುದ್ಧಿಯನ್ನೂ ಹೇಳಿದೆ: "ಅದು ನಿಮಿಷದ ಲೆಕ್ಕಾರಿ. ಒಂದ ವಿಡಿಯೋ ನೋಡಿ ಸಿಟ್ಟು ಅಂತ ತಿಳ್ಕೊಂಡ್ರ ಹೆಂಗ?"

ಅಷ್ಟರಲ್ಲಿ ನನ್ನ ಫೋನಿಗೆ ಸಾವ್ಕಾರ್ರ ವಿಡಿಯೋ ಬಂತು. "ಸ್ಯಾಂಪಲ್ ಎಲ್ಲೈತಿ? ವ್ಯಾಪಾರಿ ಬಂದು ಕುಂತಾರ." ಮುಗಿಯಿತು. ನನ್ನ ಹೆಸರು ಹಿಡಿದೂ ಕರೆದಿರಲಿಲ್ಲ. ಇನ್ನೊಮ್ಮೆ ಹಾಕಿ ನೋಡಿದೆ, ಹುಬ್ಬು ಗಂಟಿಕ್ಕಿದಂತೆ ಕಂಡಿತು. ದಸ್ತಗೀರಸಾಬರು ರೊಟ್ಟಿ ಮುರಿಯುತ್ತ, "ಅವರದೂ ನಿಮಿಷದ ಲೆಕ್ಕ ಇರಬೇಕ್ರಿ ಸರ. ಸ್ಯಾಂಪಲ್ ನಾ ಮುಟ್ಟಸ್ತೇನಿ, ನೀವು ಕುಂದ್ರಿ" ಎಂದರು. ನಾನಾಗಲೇ ಚಪ್ಪಲಿ ಮೆಟ್ಟಿದ್ದೆ.

ಇಬ್ಬರೂ ಹತ್ತಿದ ರಾಣೇಬೆನ್ನೂರಿನ ಬಸ್ಸು ಮೋಟೆಬೆನ್ನೂರು ದಾಟುವವರೆಗೂ ಏನು ತಪ್ಪು ಮಾಡಿರಬಹುದೆಂದು ಯೋಚಿಸಿದೆ. ಬೇಕಾದಷ್ಟು ಸಿಕ್ಕವು. ಆಫೀಸಿನಲ್ಲಿ ವ್ಯಾಪಾರಿ ನಮ್ಮ ಚೀಲದ ಕಾಯಿ ಮುರಿದು ಮೂಸಿ, ಜೋರಾಗಿ ಸೀನಿ, "ಛಲೋ ಐತಿ, ಕಳಸ್ರಿ" ಎಂದರು. ಆರ್ಡರು ಸಿಕ್ಕಿತು! ಸಾವ್ಕಾರ್ರು ನನ್ನತ್ತ ತಿರುಗಿ, "ಸ್ಯಾಂಪಲ್ ತರಾಕ ಅವರೊಬ್ಬರ ಸಾಕಿತ್ತಲ್ಲ, ನೀವ್ಯಾಕ ಬಂದ್ರಿ?" ಎಂದರು.

"ಸಾವ್ಕಾರ್ರ, ನನ್ನಿಂದ ಏನರ ತಪ್ಪಾಗೇತೇನ್ರಿ?" ಎಂದು ಕೇಳಿಯೇಬಿಟ್ಟೆ. ದಸ್ತಗೀರಸಾಬರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಅವರ ಭುಜಗಳು ಕುಲುಕುತ್ತಿದ್ದವು.