ಚಿಮ್ನಿಯ ಮೂರು ಬಲ್ಬುಗಳು

"ತಪ್ಪು ಹುಡುಕೋದೇ ನನ್ನ ಕಸುಬು. ಈ ಚಿಮ್ನಿ ಯಾವ ಲೆಕ್ಕ?" ಎಂದು ಕರಡು ತಿದ್ದುವವನು ಭಾನುವಾರ ಬೆಳಿಗ್ಗೆ ತೋಳು ಮಡಚುತ್ತ ಘೋಷಿಸಿದ. ಇಪ್ಪತ್ತು ವರ್ಷ ಅಚ್ಚುಮನೆಯಲ್ಲಿ ಅಲ್ಪವಿರಾಮಗಳನ್ನು ಅಟ್ಟಿಸಿಕೊಂಡು ಹೋಗಿ ಹಿಡಿದವನಿಗೆ, ಒಲೆಯ ಮೇಲಿನ ಚಿಮ್ನಿಯ ಎರಡು ದೀಪಗಳಲ್ಲಿ ಕೆಟ್ಟ ಒಂದನ್ನು ಸರಿಪಡಿಸುವುದು ಎಡಗೈ ಕೆಲಸ.

ಅವನ ಅತ್ತೆಗೆ ಮಾತ್ರ ಅದು ಸಣ್ಣ ವಿಷಯವಾಗಿರಲಿಲ್ಲ. ತಿಂಗಳ ಹಿಂದಷ್ಟೇ ಕಣ್ಣಿನ ಆಪರೇಶನ್ ಆಗಿತ್ತು. ಮೊನ್ನೆ ಒಂಟಿ ದೀಪದ ಮಬ್ಬಿನಲ್ಲಿ ಪಾತ್ರೆಗೆ ಉಪ್ಪಿನ ಬದಲು ಸಕ್ಕರೆ ಸುರಿದುಬಿಟ್ಟಿದ್ದರು. "ಆಪರೇಶನ್ ಕೈಕೊಟ್ಟಿದೆ ಕಣೇ" ಎಂದು ಸೌಟನ್ನು ಮಗಳ ಕೈಗಿತ್ತು ಹೋದವರು ಮತ್ತೆ ಒಲೆಯ ಹತ್ತಿರ ಸುಳಿದಿರಲಿಲ್ಲ. ಕೈಕೊಟ್ಟಿದ್ದು ಕಣ್ಣಲ್ಲ, ಬಲ್ಬು ಎಂದು ಅಳಿಯ ಎಷ್ಟು ಹೇಳಿದರೂ ನಂಬಲಿಲ್ಲ.

ಅವನು ಹೊಸ ಬಲ್ಬು ತಂದ. ಹೇಗೂ ಕೈಹಾಕಿದ್ದಾಯಿತು ಎಂದು ಹಳೆಯವೆರಡನ್ನೂ ಬಿಚ್ಚಿ, ಜಿಡ್ಡು ತೊಳೆದು, ಒರೆಸಿ, ಹೊಸದರ ಪಕ್ಕ ಇಟ್ಟ. ಮೂರೂ ತ್ರಿವಳಿ ಮಕ್ಕಳಂತೆ ಮಿಂಚಿದವು. ಯಾವುದು ಹೊಸದು, ಯಾವುದು ಕೆಟ್ಟಿದ್ದು ಎಂದು ಅವುಗಳನ್ನು ಹೆತ್ತ ಕಾರ್ಖಾನೆಯೂ ಹೇಳುವಂತಿರಲಿಲ್ಲ.

ಸರಿ, ಒಂದೊಂದಕ್ಕೂ ನಂಬರಿನ ಚೀಟಿ ಅಂಟಿಸಿದ. ಗಾಜು ಎಲ್ಲಿ ಒಡೆದೀತೋ ಎಂದು ಮೊಗ್ಗು ಹಿಡಿದಷ್ಟು ಹಗುರವಾಗಿ ತಿರುಗಿಸಿ ಹಾಕಿದ. ಒಂದನೆಯದು ಬಲಗಡೆ ಹತ್ತಿತು. ಖಾತ್ರಿಗೆಂದು ಎಡಗಡೆ ಹಾಕಿದರೆ ಹತ್ತಲಿಲ್ಲ. ಎರಡನೆಯದು ಎಲ್ಲಿಯೂ ಹತ್ತಲಿಲ್ಲ. ಮೂರನೆಯದು ಎಡಗಡೆ ಹತ್ತಿ, ಬಲಗಡೆ ಮುನಿಸಿಕೊಂಡಿತು. ಅಷ್ಟರಲ್ಲಿ ಬಿಸಿಗೆ, ಕೈಬೆವರಿಗೆ ಚೀಟಿಗಳೆಲ್ಲ ಉದುರಿದವು. ಬಲ್ಬುಗಳು ಕಟ್ಟೆಯ ಮೇಲೆ ಉರುಳಿ ಬೆರೆತುಹೋದವು.

"ಎಷ್ಟು ಕೆಟ್ಟಿವೆ?" ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು.

"ಲೆಕ್ಕದ ಪ್ರಕಾರ ಮೂರೂ."

"ಹೊಸದೂ?"

"ಹೊಸದು ಯಾವುದು ಅಂತ ಗೊತ್ತಾದ್ರೆ ಹೇಳ್ತೀನಿ."

"ಬೆಳಿಗ್ಗೆ ಒಂದು ದೀಪವಾದ್ರೂ ಇತ್ತು" ಎಂದಳು ಅವಳು.

ಈ ಮಾತು ಕೇಳಿ ಅತ್ತೆ ಗೋಡೆ ಹಿಡಿದುಕೊಂಡು ಒಳಗೆ ಬಂದರು. "ಇಲ್ಲಿ ಕೊಡಿ" ಎಂದು ಒಂದೊಂದೇ ಬಲ್ಬನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಂದನ್ನು ಪಕ್ಕಕ್ಕಿಟ್ಟರು. "ಇದರೊಳಗೆ ತಂತಿ ಕಡಿದು ಕಿಣಿಕಿಣಿ ಅಂತಿದೆ. ಇನ್ನೆರಡು ಚೆನ್ನಾಗಿವೆ. ಹಾಕಿ."

ಅವನು ಹಾಕಿದ. ಎರಡೂ ಹತ್ತಲಿಲ್ಲ. ಅವನ ಮುಖದಲ್ಲಿ ಒಂದು ಕ್ಷಣ ಗೆಲುವು ಮೂಡಿತು.

"ಅಳಿಯಂದ್ರೇ, ಬಲ್ಬನ್ನ ಮುದ್ದು ಮಾಡ್ಬೇಡಿ. ಬಿಗಿಯಾಗಿ ತಿರುಗಿಸಿ."

ಇನ್ನೊಂದು ಸುತ್ತು ತಿರುಗಿಸಿದ್ದೇ ತಡ, ಎರಡೂ ಝಗ್ಗೆಂದು ಹತ್ತಿದವು. ಬೆಳಗಿನಿಂದ ಆ ಎರಡು ಬಲ್ಬುಗಳ ಮೇಲೆ ಹೊರಿಸಿದ್ದ ಆರೋಪಗಳೆಲ್ಲ ತನ್ನ ಬೆರಳುಗಳಿಗೇ ಸೇರಬೇಕಾದವು ಎಂದು ಅವನಿಗೆ ಹೊಳೆಯಿತು. ಅವನು ಚಿಮ್ನಿಯ ಕೆಳಗೆ ತಲೆ ತಗ್ಗಿಸಿ ನಿಂತ.

ಅತ್ತೆ ಕಣ್ಣು ಕಿರಿದು ಮಾಡಿ, ಅಗಲ ಮಾಡಿ, ಬಗ್ಗಿದ ಆ ತಲೆಯನ್ನೇ ನೋಡಿದರು. ಅವರ ಮುಖ ಅರಳಿತು.

"ಆಪರೇಶನ್ ಚೆನ್ನಾಗೇ ಆಗಿದೆ ಕಣೇ" ಎಂದರು ಮಗಳಿಗೆ, ಸೌಟು ಕೈಗೆತ್ತಿಕೊಳ್ಳುತ್ತ. "ಇವರ ನೆತ್ತೀಲಿ ಉಳಿದಿರೋ ಕೂದಲು ಎಣಿಸಬಹುದು."