ಏಪ್ರಿಲ್‌ದಾಗ ಹೊಳಿ ತರಿಸಿದಾಂವ

ಕೇಳ್ರಿಲ್ಲೆ! ಸುಡು ಏಪ್ರಿಲ್ ತಿಂಗಳದಾಗ, ಒಬ್ಬ ಹುಡುಗಿ ಸಲುವಾಗಿ, ಗೋಕಾಕ ಫಾಲ್ಸಿಗೆ ನೀರ ತರಿಸಿದ ಗಂಡಸನ್ನ ಎಲ್ಲ್ಯರ ನೋಡೀರೇನ? ನಮ್ಮೂರಾಗ ಅದಾನ. ಹೆಸರು ಪ್ರಭು. ಎಂಟ್ರಿಗೆ ಮೊದಲ ಸೀಟಿ ಹೊಡೀರಿ, ಆಮ್ಯಾಲೆ ಕತಿ.

ಪ್ರಭು ಫಾಲ್ಸಿಗೆ ಬಂದ ಮಂದಿಗೆ ತೂಗುಸೇತುವಿ, ಹಳೇ ಮಿಲ್ಲು, ಮಹಾಲಿಂಗೇಶ್ವರ ಗುಡಿ ತೋರಿಸಿ ಇತಿಹಾಸ ಹೇಳಾಂವ. ಬ್ಯಾಸಗ್ಯಾಗ ಫಾಲ್ಸಂದ್ರ ಹಲ್ಲಿಲ್ಲದ ಮುದುಕನ ಬಾಯಿದ್ದಂಗ. ಮಂದಿ ಇಲ್ಲ, ಇತಿಹಾಸ ಕೇಳವರೂ ಇಲ್ಲ. ಖಾಲಿ ಕುಂತಾಗ ಫೋನ ಬಂತು.

ರಾಧಿಕಾ! ಬಾಜೂ ಓಣ್ಯಾಗ ಕಟಗಿ ಗೊಂಬಿ ಮಾಡತಿದ್ದವರ ಮಗಳು. ಹುಕ್ಕೇರಿಗೆ ಹೋಗಿ ಏಳು ವರ್ಷ. ಅವತ್ತಿಂದ ಪ್ರಭು ಹುಕ್ಕೇರಿ ಬಸ್ಸಿನ ಬೋರ್ಡ ಕಂಡ್ರೂ ನಿಂತು ನೋಡಾಂವ, ಹತ್ತಾಂವಲ್ಲ.

“ಪ್ರಭ್ಯಾ, ಫಾಲ್ಸಿನ್ಯಾಗ ನೀರ ಐತೇನ?”

ಇಲ್ಲಂದ್ರ ಬರೂದ ಬಿಟ್ಟಾಳಂತ ಹೆದರಿ ಪ್ರಭು ಒಂದ ಬಂಡಲ ಬಿಟ್ಟ: “ನೀರಾ? ಬಾಜೂದವರ ಮಾತ ಕೇಳಸೂದಿಲ್ಲ, ಹಂಗ ಅಬ್ಬರಸಾಕತ್ತೈತಿ!”

“ಹಂಗಾದ್ರ ಎರಡಕ್ಕ ಬರ್ತೇನಿ.”

ಚಾದಂಗಡಿ ಭರಮವ್ವ ನಕ್ಕಳು. “ನೀರ ಎಲ್ಲಿಂದ ತರ್ತಿಯೋ ಖೋಡಿ? ನನ್ನ ಕೊಡ ಕೊಡ್ಲೇನ?”

ಪ್ರಭು ಬೈಕ ಒದ್ದ. ರಾಧಿಕಾಗಂತ ಅರ್ಧ ಕಿಲೋ ಕರದಂಟು ಕೊಂಡು, ಸೀದಾ ಫಾಲ್ಸಿನ ಮ್ಯಾಲಕಡೆ ಹೊಳಿಗೆ ಕಟ್ಟಿದ ಧುಪದಾಳ ಒಡ್ಡಿಗೆ ಹ್ವಾದ. ಗೇಟ ಕಾಯೋ ಅಲ್ಲಪ್ಪ ಕಾಕಾ ಮಲಗಾಕ ಹಾಸಿಗಿ ಹಾಸಾಕತ್ತಿದ್ದ.

“ಕಾಕಾ, ಒಂದ ಗೇಟ ಎತ್ರಿ. ಏಳು ವರ್ಷದ ಪ್ರೀತಿ ಐತ್ರಿ!”

“ಪ್ರೀತಿಗೆ ಗೇಟ ಎತ್ತಿದ್ರ ಇಷ್ಟೊತ್ತಿಗೆ ಡ್ಯಾಮ ಖಾಲಿ ಆಗಿರ್ತಿತ್ತಲೇ!”

ಪ್ರಭು ಕರದಂಟಿನ ಡಬ್ಬಿ ತಗದ. ಕಾಕಾ ಒಂದ ತುಂಡ ಬಾಯಾಗಿಟ್ಟು, ಹಾಸಿಗಿ ಸುತ್ತಿಟ್ಟು ಎದ್ದ. ಹನ್ನೆರಡಕ್ಕ ಗೇಟ ಎದ್ದತು.

ಎರಡಕ್ಕ ರಾಧಿಕಾ ಬಂದಳು. ಸೀದಾ ದಂಡಿಗೆ ಹೋಗಿ, ಚಪ್ಪಲಿ ಬಿಟ್ಟು ಹೊಳ್ಯಾಗಿನ ಕಲ್ಲಿಗೆ ಇಳಿಯಾಕ ಕಾಲಿಟ್ಟಳು. ಅಷ್ಟರಾಗ ಗುಡಗಿದಂಗ ಸಪ್ಪಳ! ಪ್ರಭು ಆಕಿ ಕೈ ಹಿಡದು ಹಿಂದ ಎಳದ. ಕೆಂಪನ್ನ ನೀರ ಬಂದು ಕಲ್ಲೆಲ್ಲಾ ನುಂಗಿ ಕೆಳಗ ಧುಮುಕಿತು. ಪ್ರಭು ಎರಡೂ ಕೈ ಚಾಚಿ ನಿಂತ, ಹಿಂದ ಮ್ಯೂಜಿಕ್ಕ ಒಂದ ಕಡಿಮಿ.

ರಾಧಿಕಾ ಅಲ್ಲೇ ಕುಂತಳು. “ಖರೇನ ಬಂತಲ್ಲೋ! ನೀ ಅಬ್ಬರಸಾಕತ್ತೈತಿ ಅಂದಾಗ ಹೊಳಿ ಒಣಗೇತಿ ಅಂತ ಖಾತ್ರಿ ಮಾಡ್ಕೊಂಡ ಬಂದಿದ್ನಿ. ನೀ ಯಾವತ್ತರ ಖರೆ ಹೇಳೀಯೇನ?”

“ನಿನಗ ನೀರ ಬ್ಯಾಡಾಗಿತ್ತೇನ?”

“ಪಿಯುಸಿ ಪರೀಕ್ಷಾ ಮುಗಿದ ದಿನಾ, ನನಗ ಕಾಯ್ತಿಯೇನ ಅಂತ ಕೇಳಿದ್ದಿ. ನಾ ನಾಚಿ ಓಡಿಹ್ವಾದ್ನಿ. ಮರದಿನ ಅಪ್ಪನ ಉಳಿ ತಂದು ಈಗ ಮುಳುಗಿದ ಆ ಕಲ್ಲಿನ ಮ್ಯಾಲೆ ಉತ್ತರ ಕೆತ್ತಿದ್ನಿ, ನಿನಗ ತೋರಸೂದ್ರಾಗ ನಾವು ಹುಕ್ಕೇರಿಗೆ ಹ್ವಾದ್ವಿ. ನಾಳಿ ನನ್ನ ನೋಡಾಕ ಬರ್ತಾರ. ಅದು ಅಳಿಸಿ ಹೋಗಿಲ್ಲಂದ್ರ ನಿನಗ ತೋರ್ಸಿ, ಮನ್ಯಾಗ ಒಲ್ಲೆ ಅನ್ನೂಣಂತ ಬಂದಿದ್ನಿ.”

“ಈಗ ಬಾಯಿಲೆ ಹೇಳಿಬಿಡ!”

“ಬಾಯಿಲೆ ಹೇಳಾಕ ಬಂದಿದ್ರ ಕಲ್ಲ ಯಾಕ ಕೆತ್ತತಿದ್ನಿ?”

ನಾಕರ ಬಸ್ಸಿಗೆ ಹ್ವಾದಳು. ಪ್ರಭು ಬೋರ್ಡ ನೋಡ್ಕೊಂತ ನಿಂತ.

ಇನ್ನ ಖರೆ ಹೇಳಿಬಿಡ್ತೇನಿ. ಪ್ರಭು ಅಂದ್ರ ನಾನ. ನೀರ ನಾ ತರಿಸಿದ್ದೂ ಅಲ್ಲ. ಕೆಳಗಿನ ಹಳ್ಳಿಗೆ ಕುಡ್ಯಾಕ ನೀರ ಬಿಡ್ರಿ ಅಂತ ಅವತ್ತ ನಾ ಹೋಗೂದ್ಕ ಮೊದಲ ಆರ್ಡರ ಬಂದಿತ್ತು. ಕಾಕಾ ಒಂದ ನಿದ್ದಿ ಮಾಡಿ ನಾಕಕ್ಕ ಬಿಡಾಂವಿದ್ದ. ನನ್ನ ಕರದಂಟಿಗೆ ನಿದ್ದಿ ಬಿಟ್ಟ, ಅಷ್ಟ.

ಎಂಟ ದಿನಕ್ಕ ಹೊಳಿ ಇಳೀತು. ಅಷ್ಟೊತ್ತಿಗೆ ಹುಕ್ಕೇರ್ಯಾಗ ನಿಶ್ಚಯ ಮುಗದಿತ್ತು. ಕಲ್ಲ ಸಿಕ್ಕತು. ಅಕ್ಷರ ಒಂದೂ ಅಳಿಸಿರಲಿಲ್ಲ:

‘ಹೂಂ. ಜಲ್ದಿ ಬಾ.’